ಗುಡ್ಡದ ದಾರಿ ಮತ್ತು ಹೊಸ ಮೊಣಕಾಲು

“ನಡ್ಯಾಕ ಬಿಡ್ತಾರಂತ, ಕುಂದ್ರಾಕ ಬಿಡೂದಿಲ್ಲಂತ. ಇದೆಂಥಾ ಕಾಲೋ ಯಪ್ಪಾ!”

ಬೆಳಗಾವಿಯ ಆಸ್ಪತ್ರೆಯಿಂದ ಬೈಲಹೊಂಗಲದ ಕಡೆಗೆ ಕಾರಿನಲ್ಲಿ ಬರುವಾಗ ನನ್ನ ಚಿಗವ್ವ ಆಡಿದ ಮಾತಿದು. ಅವಳ ಎರಡೂ ಮೊಣಕಾಲುಗಳಿಗೆ ಆಪರೇಷನ್ ಆಗಿ ಒಂಬತ್ತು ತಿಂಗಳಾಗಿತ್ತು. ಅಂದು ವೈದ್ಯರನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ: ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗಬಹುದೇ? ಹೋಗಬಹುದು, ಆದರೆ ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಿನಲ್ಲಿ ಅಂತೂ ಬೇಡವೇ ಬೇಡ ಎಂದರು ಅವರು. ಚಿಗವ್ವನಿಗೆ ಇದು ತಲೆಕೆಳಗಾಗಿ ಕಂಡಿತು. ಕೂರುವುದು ದಣಿವಾರಿಸಿಕೊಳ್ಳಲು, ನಡೆಯುವುದು ದಣಿಯಲು. ದಣಿಯಬಹುದು ಆದರೆ ದಣಿವಾರಿಸಿಕೊಳ್ಳಬಾರದು ಎಂದರೆ ಯಾವ ನ್ಯಾಯ?

ಅವಳ ಮಾತು ನನ್ನನ್ನು ಬಹಳ ದಿನ ಕಾಡಿತು. ವೈದ್ಯರ ಉತ್ತರದ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ ಎಂದು ಆಮೇಲೆ ಗೊತ್ತಾಯಿತು. ಚಿಗವ್ವನ ಪ್ರಶ್ನೆಯ ಹಿಂದೆ ಇರುವ ಚರಿತ್ರೆ ಅದಕ್ಕಿಂತ ಬಹಳ ಹಳೆಯದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ಊರಿಗೂ ಇಂದಿಗೂ ರೈಲು ಬಂದಿಲ್ಲ. ಕಿತ್ತೂರಿಗೆ ಪುಣೆ–ಬೆಂಗಳೂರು ಹೆದ್ದಾರಿಯ ಭಾಗ್ಯವಾದರೂ ಇದೆ. ಉಳಿದ ಮೂರಕ್ಕೆ ಮೊದಲು ಬಂಡಿ, ಆಮೇಲೆ ಬಸ್ಸು, ಎಲ್ಲಕ್ಕಿಂತ ಮೊದಲು ಕಾಲು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಸೀಮೆಯ ನಡುವೆ ಹರಿದು, ನವಿಲುತೀರ್ಥದ ಕಣಿವೆಯಲ್ಲಿ ಗುಡ್ಡವನ್ನು ಸೀಳಿಕೊಂಡು ರಾಮದುರ್ಗದ ಕಡೆಗೆ ಸಾಗುತ್ತದೆ. ಅದರ ಎರಡೂ ದಂಡೆಯ ಕಪ್ಪು ನೆಲ ಮಳೆಗಾಲದಲ್ಲಿ ಬಂಡಿಯ ಗಾಲಿಯನ್ನೂ ಬಿಡದೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಇರಬೇಕು, ಇಲ್ಲಿಯ ದೊಡ್ಡ ನಡಿಗೆಗಳೆಲ್ಲ ಮಳೆ ಮುಗಿದು ನೆಲ ಗಟ್ಟಿಯಾದ ಮೇಲಿನವು.

ಇಲ್ಲಿ ನಡಿಗೆ ಎಂದರೆ ಆಳ್ವಿಕೆಯೂ ಆಗಿತ್ತು. ಸಂಗೊಳ್ಳಿ ರಾಯಣ್ಣ ಶೇತಸನದಿಯಾಗಿದ್ದವನು, ಅಂದರೆ ಭೂಮಿಯ ಪ್ರತಿಯಾಗಿ ಸರಕಾರಕ್ಕೆ ಕಾವಲು, ಕರೆಯೋಲೆ, ಕಾಳಗದ ಸೇವೆ ಸಲ್ಲಿಸುವವನು. ಇಂಥವನ ಬಂಡವಾಳ ಕಾಲೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆಯೇ ಬಿತ್ತು. ರಾಯಣ್ಣ ಆಮೇಲೂ ಈ ಹಳ್ಳ, ಕಾಡು, ಹೊಲಗಳ ನಡುವೆ ಬ್ರಿಟಿಷರ ಕಚೇರಿಗಳನ್ನು ಸುಡುತ್ತ ಸುತ್ತಿದ. 1830ರಲ್ಲಿ ಸಿಕ್ಕಿಬಿದ್ದ, 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಈ ಎಲ್ಲ ಓಡಾಟದ ಮಧ್ಯೆ ಬೈಲಹೊಂಗಲದ ಕೋಟೆಯಲ್ಲಿ ಒಬ್ಬಾಕೆ ಹೊರಗೆ ಹೆಜ್ಜೆ ಇಡಲಾರದೆ ಕುಳಿತಿದ್ದಳು. ಕುದುರೆ ಏರಿದ ಚೆನ್ನಮ್ಮನ ಪ್ರತಿಮೆಗಳನ್ನು ಊರೂರಲ್ಲಿ ನೋಡುತ್ತೇವೆ. ಆದರೆ ಬದುಕಿನ ಕೊನೆಯ ನಾಲ್ಕು ವರ್ಷ, 1829ರ ಫೆಬ್ರವರಿಯಲ್ಲಿ ತೀರಿಕೊಳ್ಳುವ ತನಕ, ಆಕೆ ಕಳೆದದ್ದು ಗೋಡೆಗಳ ಒಳಗೆ. ಬೈಲಹೊಂಗಲದ ಸಮಾಧಿಯ ಮುಂದೆ ನಿಂತಾಗ ನನಗೆ ಮೊದಲು ಹೊಳೆಯುವುದು ಈ ನಿಂತುಹೋದ ಕಾಲುಗಳು.

ಗುಡ್ಡದ ನಡಿಗೆ ಬೇರೆ ಜಾತಿಯದು. ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ, ರಟ್ಟರ ರಾಜಧಾನಿ. ಅವರು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಹೋದ ಮೇಲೆ ಅದರ ರಾಜವೈಭವ ಇಳಿಯಿತು. ಜನ ಬರುವುದು ನಿಲ್ಲಲಿಲ್ಲ, ಯಾಕೆಂದರೆ ಅವರು ಬರುತ್ತಿದ್ದುದು ರಾಜನಿಗಾಗಿ ಅಲ್ಲವಲ್ಲ. ಊರಿಂದ ಐದಾರು ಕಿಲೋಮೀಟರ್ ದೂರದ ಗುಡ್ಡದ ಮೇಲೆ ರೇಣುಕಾ ಎಲ್ಲಮ್ಮ. ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ ಹೀಗೆ ಚಳಿಗಾಲದಿಂದ ಬೇಸಿಗೆಯವರೆಗೆ ‘ಉಧೋ ಉಧೋ’ ಎನ್ನುತ್ತ ಕರ್ನಾಟಕ, ಮಹಾರಾಷ್ಟ್ರ, ಆಂಧ್ರದ ಕಡೆಯ ಜನ ಬರುತ್ತಾರೆ. ಕೆಲವರು ಸಾಲುಸಾಲು ಎತ್ತಿನ ಬಂಡಿಯಲ್ಲಿ, ಕೆಲವರು ಟ್ರ್ಯಾಕ್ಟರಿನಲ್ಲಿ, ಹರಕೆ ಹೊತ್ತವರು ನಡೆದು. ಗಂಡನ ಶಾಪದಿಂದ ಮೈಯೆಲ್ಲ ಹುಣ್ಣಾದ ರೇಣುಕೆ ಎಕ್ಕಯ್ಯ ಜೋಗಯ್ಯರ ಮಾತಿನಂತೆ ಜೋಗುಳಬಾವಿಯಲ್ಲಿ ಮಿಂದು ಗುಣವಾದಳು ಎಂಬುದು ಇಲ್ಲಿಯ ಕತೆ. ಮೈ ಕೆಟ್ಟು ಮೈ ಸರಿಯಾದವಳ ಬಳಿಗೆ ಮೈ ಕೆಟ್ಟವರು ಬರುತ್ತಾರೆ. (ಇದೇ ಗುಡ್ಡದ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದುದೂ ನಿಜ, 1982ರ ಕಾಯ್ದೆ ಬರುವವರೆಗೆ ಅದಕ್ಕೆ ಸರಿಯಾದ ತಡೆಯೇ ಇರಲಿಲ್ಲ. ಭಕ್ತಿಯ ದಾರಿಯಲ್ಲಿ ಎಲ್ಲವೂ ಹೂವಲ್ಲ.)

2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಗುಡ್ಡಕ್ಕೆ ಹೋಗುವ ಬಸ್ಸುಗಳು ತುಂಬಿ ತುಳುಕಿದವು. ಚಿಗವ್ವನೂ ಮೊಣಕಾಲು ಕೈಕೊಟ್ಟ ವರ್ಷಗಳಲ್ಲಿ ಬಸ್ಸಿನಲ್ಲೇ ಹೋಗಿಬಂದಳು. ಆದರೆ ಅದನ್ನು ಅವಳು ‘ಹೋಗಿಬಂದೆ’ ಎನ್ನುತ್ತಿದ್ದಳೇ ಹೊರತು ‘ಗುಡ್ಡಾ ಮಾಡಿದೆ’ ಎನ್ನಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಮೂವತ್ತಕ್ಕೂ ಹೆಚ್ಚು ಸಲ ನಡೆದವಳು ಅವಳು. ಸುಮಾರು ನಲವತ್ತು ಕಿಲೋಮೀಟರ್, ನಡುವೆ ಒಂದು ರಾತ್ರಿಯ ವಸ್ತಿ.

ಇನ್ನು ವೈದ್ಯರ ಉತ್ತರದ ಚರಿತ್ರೆ.

ಮನುಷ್ಯನ ಮೊಣಕಾಲಿಗೆ ಬದಲಿ ಕೀಲು ಹಾಕುವ ಸಾಹಸ ಮೊದಲು ನಡೆದದ್ದು 1890ರಲ್ಲಿ, ಬರ್ಲಿನ್ನಿನಲ್ಲಿ. ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯ ಕ್ಷಯ ತಿಂದುಹಾಕಿದ ಮೊಣಕಾಲಿಗೆ ಆನೆಯ ದಂತದಿಂದ ಮಾಡಿದ ಕೀಲನ್ನು ಕೂರಿಸಿದ. ಬಾಗಿಲಿನ ಬಿಜಾಗರಿಯಂತೆ ಹಿಂದೆ ಮುಂದೆ ಮಾತ್ರ ಆಡುವ ಕೀಲು. ಕ್ಷಯದ ಕಾಲುಗಳಲ್ಲಿ ಸೋಂಕು ಉಳಿದೇ ಇತ್ತು. ಅವನ ಕೀಲುಗಳು ಅದರಿಂದಲೇ ಸೋತವು. ಆಮೇಲೆ ಅರ್ಧ ಶತಮಾನ ಇದು ಹೆಚ್ಚುಕಡಿಮೆ ಮರೆತ ವಿಚಾರ. 1950ರ ದಶಕದಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮತ್ತೆ ಬಿಜಾಗರಿಯನ್ನೇ ಹಿಡಿದ, ಮೊದಲು ಅಕ್ರಿಲಿಕ್‌ನಲ್ಲಿ, ನಂತರ ಲೋಹದಲ್ಲಿ.

ತೊಂದರೆಯಿದ್ದದ್ದು ಬಿಜಾಗರಿ ಎಂಬ ಕಲ್ಪನೆಯಲ್ಲೇ. ಮೊಣಕಾಲು ಬಾಗಿಲಿನ ಹಾಗೆ ತೆರೆದು ಮುಚ್ಚುವುದಿಲ್ಲ. ತೊಡೆಯ ಮೂಳೆಯ ತುದಿ ಕೆಳಗಿನ ಮೂಳೆಯ ಮೇಲೆ ಉರುಳುತ್ತದೆ, ಜಾರುತ್ತದೆ, ಸ್ವಲ್ಪ ತಿರುಗುತ್ತದೆ, ಎಲ್ಲ ಒಂದೇ ಹೆಜ್ಜೆಯಲ್ಲಿ. ತಿರುಗಲು ಬಿಡದ ಕೀಲು ಆ ತಿರುಚನ್ನೆಲ್ಲ ಮೂಳೆಯ ಮೇಲೆ ಹಾಕುತ್ತದೆ, ಕಡೆಗೆ ಸಡಿಲಾಗುತ್ತದೆ. ಹಾಗಾಗಿ ಹಳೆಯ ಕೀಲುಗಳಿಗೆ ನಾಲ್ಕು ಹೆಜ್ಜೆ ಇಡುವ ಮುದುಕರು ಸಾಕು, ನಡೆಯುವವರು ಬೇಡ ಎಂಬ ಸ್ಥಿತಿ.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ 1960ರ ದಶಕದ ಆರಂಭದಲ್ಲಿ ಸೊಂಟದ ಕೀಲಿಗೆ ಉತ್ತರ ಕಂಡುಕೊಂಡಿದ್ದ: ಲೋಹದ ಗುಂಡು, ಗಟ್ಟಿ ಪಾಲಿಥೀನಿನ ಬಟ್ಟಲು, ಎರಡನ್ನೂ ಮೂಳೆಗೆ ಹಿಡಿಸಲು ಅಕ್ರಿಲಿಕ್ ಸಿಮೆಂಟು. ಅವನ ಬಳಿ ಕಲಿಯಲು ಬಂದ ಕೆನಡಾದ ಫ್ರ್ಯಾಂಕ್ ಗನ್‌ಸ್ಟನ್ 1968ರಲ್ಲಿ ಅದೇ ಸಾಮಗ್ರಿಯಿಂದ ಬಿಜಾಗರಿ ಇಲ್ಲದ ಮೊಣಕಾಲು ಮಾಡಿದ. ಮೂಳೆಗಳ ತುದಿಗೆ ಹೊಸ ಮೇಲ್ಮೈ ಕೊಡು, ಹಿಡಿದಿಡುವ ಕೆಲಸ ಅಲ್ಲಿರುವ ಅಸ್ಥಿರಜ್ಜುಗಳೇ ಮಾಡಲಿ ಎಂಬುದು ಅವನ ಯೋಚನೆ. ಅದಕ್ಕೆ ಅವನು ಪೇಟೆಂಟೂ ತೆಗೆದುಕೊಳ್ಳಲಿಲ್ಲ. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಚಿತ್ತರಂಜನ್ ರಾಣಾವತ್ ಎಂಬ ವೈದ್ಯರು ಮತ್ತು ಪೀಟರ್ ವಾಕರ್ ಎಂಬ ಎಂಜಿನಿಯರು ಸೇರಿ ‘ಟೋಟಲ್ ಕಾಂಡೈಲರ್’ ಎಂಬ ಮೊಣಕಾಲನ್ನು ಬಳಕೆಗೆ ತಂದರು. ಇಂದು ನಮ್ಮ ಅವ್ವ, ಅತ್ತೆಯರ ಕಾಲಲ್ಲಿರುವುದೆಲ್ಲ ಹೆಚ್ಚುಕಡಿಮೆ ಅದರದೇ ಮಕ್ಕಳು ಮೊಮ್ಮಕ್ಕಳು.

ಈ ರಾಣಾವತ್ ಮಧ್ಯಪ್ರದೇಶದವರು, ವೈದ್ಯಕೀಯ ಓದಿದ್ದು ಇಂದೋರಿನಲ್ಲಿ. 2000ದ ಅಕ್ಟೋಬರಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ಬಂದು ಪ್ರಧಾನಿ ವಾಜಪೇಯಿಯವರ ಎಡ ಮೊಣಕಾಲನ್ನೂ, 2001ರ ಜೂನಿನಲ್ಲಿ ಬಲ ಮೊಣಕಾಲನ್ನೂ ಬದಲಿಸಿದವರು ಅವರೇ. ಎರಡನೆಯದಾದ ಮುಂದಿನ ತಿಂಗಳೇ ವಾಜಪೇಯಿ ಆಗ್ರಾದಲ್ಲಿ ಮುಷರಫ್ ಜೊತೆ ಮಾತುಕತೆಗೆ ಕುಳಿತರು. ಅಲ್ಲಿಯವರೆಗೆ ‘ವಯಸ್ಸಾಯ್ತು, ನೂಸ್ತಾವ’ ಎಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದ ನಮ್ಮ ಮನೆಗಳಿಗೆ, ಮೊಣಕಾಲನ್ನು ಬದಲಿಸಬಹುದು ಎಂಬ ಸುದ್ದಿ ಹೊಕ್ಕಿದ್ದು ಹೀಗೆ, ಪ್ರಧಾನಿಯ ಕಾಲಿನ ಮೂಲಕ. ನಮ್ಮ ಓಣಿಯಲ್ಲಿ ಅದಕ್ಕೆ ಬಹಳ ದಿನ ‘ವಾಜಪೇಯಿ ಆಪರೇಷನ್’ ಎಂದೇ ಹೆಸರಿತ್ತು. ಸುದ್ದಿ ಬಂದರೂ ಬೆಲೆ ಇಳಿಯಲು ಇನ್ನೂ ಹದಿನಾರು ವರ್ಷ ಬೇಕಾಯಿತು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಮೊಣಕಾಲಿನ ಕೀಲುಗಳಿಗೆ ಗರಿಷ್ಠ ದರ ಕಟ್ಟಿತು: ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲು ಸರಾಸರಿ ಒಂದೂವರೆ ಲಕ್ಷದ ಮೇಲಿದ್ದದ್ದು ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಬಂತು.

ಈಗ ಚಿಗವ್ವನ ಒಗಟು. ಮೊಣಕಾಲು ಎಷ್ಟು ಬಾಗಬೇಕು ಎಂದು 1970ರ ಸುಮಾರಿಗೆ ಅಮೆರಿಕದ ಸಂಶೋಧಕರು ಅಳೆದು ನೋಡಿದ್ದರು. ಸಮ ನೆಲದಲ್ಲಿ ನಡೆಯಲು 65–70 ಡಿಗ್ರಿ ಸಾಕು. ಮೆಟ್ಟಿಲಿಗೆ 80ರ ಮೇಲೆ, ಕುರ್ಚಿಯಲ್ಲಿ ಕೂತೇಳಲು 90ರ ಮೇಲೆ, ಬೂಟಿನ ದಾರ ಕಟ್ಟಲು 106. ಕುರ್ಚಿ, ಮೆಟ್ಟಿಲು, ಬೂಟು. ಅವರ ದಿನದ ಪಟ್ಟಿ ಅಲ್ಲಿಗೆ ಮುಗಿಯಿತು. 1974ರ ಮೊಣಕಾಲು ಸುಮಾರು 90 ಡಿಗ್ರಿ ಬಾಗುತ್ತಿತ್ತು. 1978ರ ಸುಧಾರಿತ ಕೀಲು ಅದಕ್ಕಿಂತ ಹೆಚ್ಚು. ಆ ಪಟ್ಟಿಗೆ ಅದು ಬೇಕಾದಷ್ಟಾಯಿತು. ನಮ್ಮ ಪಟ್ಟಿಯೇ ಬೇರೆ: ಒಲೆಯ ಮುಂದೆ ಕುಕ್ಕರಗಾಲು, ಊಟಕ್ಕೆ ಚಕ್ಕಳಮಕ್ಕಳ, ಕಳೆ ತೆಗೆಯುವಾಗ ಮತ್ತೆ ಕುಕ್ಕರಗಾಲು, ಬಯಲಿಗೆ ಹೋದಾಗಲೂ ಅದೇ, ಗುಡಿಯ ಮುಂದೆ ದೀಡ ನಮಸ್ಕಾರ. ಇವಕ್ಕೆಲ್ಲ 130 ಡಿಗ್ರಿಗೂ ಮಿಗಿಲಾದ ಬಾಗು ಬೇಕು, ಅದೂ ಮೈಭಾರ ಹೊತ್ತು.

ಹೀಗಾಗಿ ನಲವತ್ತು ಕಿಲೋಮೀಟರ್ ನಡೆಯುವುದು ಈ ಕೀಲಿಗೆ ಅದು ಹುಟ್ಟಿದ ಕೆಲಸ. ದಾರಿಯ ಮಗ್ಗುಲಲ್ಲಿ ಬೇವಿನ ಗಿಡದಡಿ ಕುಕ್ಕರಿಸುವುದು ಅದರ ಜಾತಕದಲ್ಲೇ ಇಲ್ಲ. ರಾಮದುರ್ಗದ ಕಡೆ ಕುಣಿಮಗ್ಗದಲ್ಲಿ ಕಾಲನ್ನು ಕುಣಿಗೆ ಇಳಿಬಿಟ್ಟು ನೇಯುವವರಿಗೆ, ಕುರ್ಚಿಯ ಬಾಗೇ ಸಾಲುವುದರಿಂದ, ಇದು ಹೆಚ್ಚು ಒಗ್ಗೀತು ಎಂದು ನನಗನಿಸುತ್ತದೆ. ಆದರೆ ಕುಣಿಯೊಳಗೆ ಇಳಿದು ಏಳುವ ಪಾಡು ಅವರಿಗೇ ಗೊತ್ತು.

ಏಷ್ಯಾದ ರೋಗಿಗಳ ನೆಲದ ಬದುಕು ತಯಾರಕರ ಗಮನಕ್ಕೆ ತಡವಾಗಿ ಬಂತು. ಕಳೆದ ಶತಮಾನದ ಕೊನೆಯಿಂದೀಚೆ ‘ಹೈ-ಫ್ಲೆಕ್ಸ್’ ಕೀಲುಗಳು ಬಂದವು, ನಮಾಜಿಗೆ, ಪೂಜೆಗೆ, ನೆಲಕ್ಕೆ ಎಂದು ಜಾಹೀರಾತೂ ಆಯಿತು. ಒಂದೇ ರೋಗಿಯ ಒಂದು ಕಾಲಿಗೆ ಅದನ್ನು, ಇನ್ನೊಂದಕ್ಕೆ ಸಾದಾ ಕೀಲನ್ನು ಹಾಕಿ ನೋಡಿದ ಅಧ್ಯಯನಗಳಲ್ಲಿ ಬಾಗಿನ ವ್ಯತ್ಯಾಸ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಆಪರೇಷನ್ನಿಗೆ ಮುಂಚೆ ಎಷ್ಟು ಬಾಗುತ್ತಿತ್ತೋ ಅದೇ ಬಹುಮಟ್ಟಿಗೆ ನಂತರದ್ದನ್ನೂ ತೀರ್ಮಾನಿಸುತ್ತದೆ. 2017ರ ದರಪಟ್ಟಿಯಲ್ಲಿ ಹೈ-ಫ್ಲೆಕ್ಸ್‌ಗೆ ಪ್ರತ್ಯೇಕ ಸಾಲಿದೆ: 56,490. ನೆಲಕ್ಕೂ ಕುರ್ಚಿಗೂ ನಡುವಿನ ಅಂತರಕ್ಕೆ ಸರಕಾರ ಕಟ್ಟಿದ ಬೆಲೆ 1,770 ರೂಪಾಯಿ!

ಚಿಗವ್ವನ ಮೊಣಕಾಲು ಹಾಳಾದದ್ದಕ್ಕೆ ಮನೆಯವರೆಲ್ಲ ಗುಡ್ಡದ ನಡಿಗೆಯನ್ನೇ ದೂರುತ್ತಿದ್ದರು. ನಾನೂ ಅವರಲ್ಲೊಬ್ಬ. ಬೀಜಿಂಗ್‌ನ ವಯಸ್ಸಾದವರನ್ನೂ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನವರನ್ನೂ ಹೋಲಿಸಿದ ಅಧ್ಯಯನದ ಬಗ್ಗೆ ಓದಿದ ಮೇಲೆ ನನ್ನ ದೂರು ಮೆತ್ತಗಾಯಿತು. ಚೀನಾದ ಹೆಂಗಸರಲ್ಲಿ ಮೊಣಕಾಲ ಸವೆತ ಹೆಚ್ಚು. ತಾರುಣ್ಯದಲ್ಲಿ ದಿನಕ್ಕೆ ತಾಸುಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತದ್ದಕ್ಕೂ ಇದಕ್ಕೂ ನಂಟಿದೆ ಎಂದು ಅಲ್ಲಿ ಕಂಡುಬಂತು. ವರ್ಷಕ್ಕೆ ಎರಡು ದಿನ ನಡೆದ ದಾರಿ ಕಣ್ಣಿಗೆ ಬೀಳುತ್ತದೆ. ಉಳಿದ ಮುನ್ನೂರ ಅರವತ್ತಮೂರು ದಿನ ರೊಟ್ಟಿ ಬಡಿಯುತ್ತ, ಹೊಲದಲ್ಲಿ ಕಳೆ ಕೀಳುತ್ತ ಕುಳಿತದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸವೆತದ ಲೆಕ್ಕವನ್ನೂ ಹಾಕಿ ನೋಡಿದೆ. ಹೊಸ ಕೀಲಿನ ಪಾಲಿಥೀನ್ ಸವೆಯುವುದು ವರ್ಷಗಳಿಂದಲ್ಲ, ಹೆಜ್ಜೆಗಳಿಂದ. 1998ರಲ್ಲಿ ಅಮೆರಿಕದಲ್ಲಿ ಕೀಲು ಬದಲಿಸಿಕೊಂಡವರ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದಾಗ ಸರಾಸರಿ ದಿನಕ್ಕೆ 4,988 ಹೆಜ್ಜೆ ಬಂತು, ಒಂದೊಂದು ಕಾಲಿಗೆ ವರ್ಷಕ್ಕೆ ಒಂಬತ್ತು ಲಕ್ಷ. ಚಿಗವ್ವನ ಹೆಜ್ಜೆ ಸುಮಾರು ಎರಡಡಿ. ನಲವತ್ತು ಕಿಲೋಮೀಟರಿಗೆ ಕಾಲೊಂದಕ್ಕೆ ಮೂವತ್ತಮೂರು ಸಾವಿರ ಹೆಜ್ಜೆ, ಅಂದರೆ ಆ ಅಮೆರಿಕದವರ ಹದಿಮೂರು ದಿನದ ಮಾಮೂಲಿ ಓಡಾಟ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ನೂರರಲ್ಲಿ ಎಂಬತ್ತೆರಡು ಮೊಣಕಾಲುಗಳು ಇಪ್ಪತ್ತೈದು ವರ್ಷ ಬಾಳುತ್ತವೆ. ಅರವತ್ತಾರು ವರ್ಷದ ಹೆಂಗಸು ಹುಣ್ಣಿಮೆಗೊಮ್ಮೆ ನಡೆದರೆ ಅದು ಸವೆದುಹೋಗುತ್ತದೆ ಎಂಬ ಹೆದರಿಕೆ ನನಗೆ ಉಳಿಯಲಿಲ್ಲ.

ಹೆದರಬೇಕಾದದ್ದು ಕೀಲಿಗೆ ಅಲ್ಲ, ಅದನ್ನು ಎಳೆಯುವ ಮಾಂಸಖಂಡಕ್ಕೆ. ಆಪರೇಷನ್ನಾದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಲೋಹ ಮರುದಿನವೇ ಮೈಭಾರ ಹೊರಲು ಸಿದ್ಧ, ಮಾಂಸಕ್ಕೆ ತಿಂಗಳುಗಳು ಬೇಕು. ಚಿಗವ್ವ ಮೊದಲು ವಾಕರ್ ಹಿಡಿದು ಪಡಸಾಲೆ, ಆಮೇಲೆ ಕೋಲು ಹಿಡಿದು ಓಣಿ, ನಾಲ್ಕನೆಯ ತಿಂಗಳಿಗೆ ಹೊಲದ ದಾರಿ ಹಿಡಿದಳು. ‘ದಿನಾ ಅರ್ಧಾ ತಾಸು ವಾಕಿಂಗ್ ಮಾಡ್ರಿ’ ಎಂದಿದ್ದರು. ಎಲ್ಲಿಗೂ ಹೋಗದೆ ನಡೆಯುವುದು ಅವಳಿಗೆ ನಾಚಿಕೆಯ ಕೆಲಸ. ಕೈಯಲ್ಲೊಂದು ಖಾಲಿ ಚೀಲ ಹಿಡಿದು ಹೊರಡುತ್ತಿದ್ದಳು, ಯಾರಾದರೂ ಕೇಳಿದರೆ ‘ಕಾಯಿಪಲ್ಲೆ ತರಾಕ’ ಎನ್ನಲು. ವಾರಕ್ಕೆ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸಿದಳು. ಮರುದಿನ ಬೆಳಿಗ್ಗೆ ಬಾವು ಇಳಿದಿರದಿದ್ದರೆ ಹಿಂದಿನ ದಿನ ಹೆಚ್ಚಾಯಿತು ಎಂದರ್ಥ. ಅಂದು ಬರ್ಫ, ಅರ್ಧ ದಾರಿ. ಕಷ್ಟ ಕೊಟ್ಟದ್ದು ಏರಲ್ಲ, ಇಳಿಜಾರು. ಇಳಿಯುವಾಗ ಮೈಭಾರವನ್ನು ತಡೆದು ತಡೆದು ಬಿಡುವುದು ಆ ಸೋತ ಸ್ನಾಯುವೇ.

ಭಾರತ ಹುಣ್ಣಿಮೆಗೆ ಮೂರು ದಿನ ಮುಂಚೆ ಹೊರಟರು. ಬಿಳಿಜೋಳ ಕಟಾವಿಗೆ ಬಂದಿತ್ತು. ಹಿಂದೆ ಒಂದು ವಸ್ತಿ ಮಾಡುತ್ತಿದ್ದವಳು ಈ ಸಲ ಎರಡಕ್ಕೆ ಒಪ್ಪಿದಳು. ಸಾಮಾನಿನ ಟೆಂಪೋದಲ್ಲಿ ನುಚ್ಚು, ರೊಟ್ಟಿ, ಶೇಂಗಾ ಚಟ್ನಿಯ ಜೊತೆಗೆ ಒಂದು ಕಬ್ಬಿಣದ ಸ್ಟೂಲು, ಆಸ್ಪತ್ರೆಯವರು ಹೇಳಿದ ಎತ್ತರದ್ದು. ಮೊದಲ ವಸ್ತಿಯಲ್ಲಿ ಹೆಂಗಸರೆಲ್ಲ ನೆಲದಲ್ಲಿ ದುಂಡಗೆ ಕುಳಿತಾಗ ಇವಳೊಬ್ಬಳೇ ಮೇಲೆ. “ಏನ ಗೌಡಸಾನೇರ, ಕುರ್ಚೇದಾಗ ಕುಂತ್ರೆಲ್ಲ” ಎಂದು ನಕ್ಕರು. ಚಿಗವ್ವ ಅಂದು ಸರಿಯಾಗಿ ಉಣ್ಣಲಿಲ್ಲ ಎಂದು ನನಗೆ ಫೋನಿನಲ್ಲಿ ಸುದ್ದಿ ಬಂತು. ಕಾಲು ನೋಯುತ್ತಿದೆಯೇ ಎಂದರೆ ಇಲ್ಲ ಎಂದಳು. ಎರಡನೆಯ ದಿನ ಎಡಗಾಲು ಬಾತಿತು, ನಾಲ್ಕು ತಾಸು ಗಿಡದಡಿ ಕಾಲೆತ್ತರಿಸಿ ಮಲಗಿದಳು, ಉಳಿದವರು ಮುಂದೆ ಹೋದರು. ಟೆಂಪೋ ಹತ್ತು ಎಂದರೆ ಹತ್ತಲಿಲ್ಲ. ಹೊತ್ತಿಳಿದ ಮೇಲೆ ತಮ್ಮನ ಹೆಂಡತಿಯೊಬ್ಬಳನ್ನೇ ಜೊತೆ ಮಾಡಿಕೊಂಡು ನಡೆದಳು.

ನಾನು ಧಾರವಾಡದಿಂದ ಬಸ್ಸಿನಲ್ಲಿ ಹೋಗಿ ಜೋಗುಳಬಾವಿಯ ಹತ್ತಿರ ಕಾದಿದ್ದೆ. ಭಂಡಾರದಲ್ಲಿ ಹಳದಿಯಾದ ಮುಖಗಳ ನಡುವೆ ಅವಳನ್ನು ಗುರುತಿಸಿದ್ದು ನಡಿಗೆಯಿಂದ: ಮುಂಚಿನ ಆ ಒಂದು ಕಡೆ ವಾಲುವ ಹೆಜ್ಜೆ ಇರಲಿಲ್ಲ, ನಿಧಾನ, ಆದರೆ ನೆಟ್ಟಗೆ. ಮರುದಿನ ಪರಡಿ ತುಂಬುವಾಗ ಹೋಳಿಗೆ, ಕಡಬು, ಪಲ್ಯ ಎಲ್ಲ ಹಾಕಿದ ಬುಟ್ಟಿಯ ಸುತ್ತ ಕುಳಿತವರ ಮಧ್ಯೆ ಸ್ಟೂಲು ಹಾಕಿಸಿಕೊಂಡು ಕುಳಿತಳು. ಈ ಸಲ ಯಾರೂ ನಗಲಿಲ್ಲ. ಕೈ ನೆಲಕ್ಕೆ ಎಟುಕದೆ ಇದ್ದಾಗ ಪಕ್ಕದವಳೊಬ್ಬಳು ಬುಟ್ಟಿಯನ್ನೇ ಎತ್ತಿ ಹಿಡಿದಳು.

ಊಟವಾದ ಮೇಲೆ ತಮ್ಮನ ಹೆಂಡತಿ ಏಳುವಾಗ ಎರಡೂ ಕೈ ತೊಡೆಗೆ ಊರಿ, “ಯವ್ವಾ ಯವ್ವಾ” ಎನ್ನುತ್ತ ಎದ್ದಳು. ಚಿಗವ್ವ ಅವಳನ್ನೇ ನೋಡಿದಳು. “ಎಷ್ಟ ದಿನಾ ಆತು ಹಿಂಗಾಗಾಕತ್ತಿ?” ಎಂದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಆ ಸ್ಟೂಲು ಎಷ್ಟಕ್ಕೆ ಸಿಕ್ಕಿತ್ತು, ಅಂಥದೇ ಇನ್ನೊಂದು ಬೈಲಹೊಂಗಲದಲ್ಲಿ ಸಿಗುತ್ತದೋ ಬೆಳಗಾವಿಗೇ ಹೋಗಬೇಕೋ ಎಂದು ವಿಚಾರಿಸತೊಡಗಿದಳು.